ಲೆಕ್ಕದ ಮಾತು: ಆದಾಯ ಯಾವ ತಾರೀಖಿನದು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗಂಟಿನ ಸುತ್ತ ಇದ್ದವು: ವ್ಯಾಪಾರದಲ್ಲಿ ಬಂದ, ಬರಬೇಕಾದ ಹಣವನ್ನು ಯಾವ ತಾರೀಖಿನಲ್ಲಿ ಆದಾಯ ಎಂದು ಬರೆಯಬೇಕು? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಈ ಬಾರಿ ಇದನ್ನೇ ಎತ್ತಿಕೊಂಡಿದ್ದೇನೆ. ಆಡಿಟ್ ಕೆಲಸದಲ್ಲಿ ನಾನು ಅತಿ ಹೆಚ್ಚು ವಾದ ಮಾಡಿರುವುದೂ ಇದೇ ವಿಷಯಕ್ಕೆ. ಲಾಭ-ನಷ್ಟ ಪಟ್ಟಿಯ ಮೊದಲ ಸಾಲು ಇದು. ಇದು ತಪ್ಪಿದರೆ ಅದರ ಕೆಳಗಿನ ಸಾಲುಗಳನ್ನು ಎಷ್ಟು ಜತನದಿಂದ ಬರೆದರೂ ಪ್ರಯೋಜನವಿಲ್ಲ.

ಪ್ರಶ್ನೆ: ಮೇಡಂ, ನಾನು ಆನ್‌ಲೈನಿನಲ್ಲಿ ಭಾಷೆ ಕಲಿಸುವ ಸಣ್ಣ ಸಂಸ್ಥೆ ನಡೆಸುತ್ತೇನೆ. ವರ್ಷದ ಶುಲ್ಕ 12,000. ಸೇರುವಾಗಲೇ ಪೂರ್ತಿ ಕಟ್ಟಿಸಿಕೊಳ್ಳುತ್ತೇನೆ. ಜೊತೆಗೆ 1,200 ನೋಂದಣಿ ಶುಲ್ಕ. ಅದನ್ನು ಯಾವ ಕಾರಣಕ್ಕೂ ವಾಪಸ್ ಕೊಡುವುದಿಲ್ಲ. ಹಣವೆಲ್ಲ ನನ್ನ ಬ್ಯಾಂಕ್ ಖಾತೆಯಲ್ಲಿದೆ. ಆದರೂ ನಮ್ಮ ಅಕೌಂಟೆಂಟ್ ಅದರಲ್ಲಿ ಹೆಚ್ಚಿನದನ್ನು ‘ಹೊಣೆ’ ಎಂದು ಬರೆದಿದ್ದಾರೆ. ನನ್ನ ದುಡ್ಡು ನನಗೇ ಸಾಲ ಹೇಗಾಗುತ್ತದೆ?

ಉತ್ತರ: ನಿಮ್ಮ ಅಕೌಂಟೆಂಟ್ ಬರೆದದ್ದು ಸರಿ. ಹಣ ನಿಮ್ಮ ಖಾತೆಗೆ ಬಂದಿದೆ ನಿಜ, ಆದರೆ ಅದಕ್ಕೆ ಪ್ರತಿಯಾಗಿ ನೀವು ಕೊಡುತ್ತೇನೆಂದ ಪಾಠ ಇನ್ನೂ ಬಾಕಿ ಇದೆ. ಜನವರಿ 1ರಂದು ಒಬ್ಬ ವಿದ್ಯಾರ್ಥಿ ಸೇರಿದರು ಎನ್ನಿ. ಮಾರ್ಚ್ ಕೊನೆಗೆ ಮೂರು ತಿಂಗಳ ಪಾಠ ಮುಗಿದಿದೆ. 3,000 ನಿಮ್ಮ ಸಂಪಾದನೆ. ಉಳಿದ 9,000 ಆ ವಿದ್ಯಾರ್ಥಿ ನಿಮ್ಮಲ್ಲಿ ಇಟ್ಟ ಮುಂಗಡ. ಅದನ್ನು ನೀವು ನಗದಾಗಿ ತೀರಿಸಬೇಕಿಲ್ಲ, ಪಾಠ ಮಾಡಿ ತೀರಿಸಬೇಕು. ಏಪ್ರಿಲ್‌ನಲ್ಲಿ ಸಂಸ್ಥೆ ಮುಚ್ಚಿದರೆ ಆ 9,000ಕ್ಕೆ ಅವರು ನಿಮ್ಮ ಬಾಗಿಲಿಗೆ ಬರುತ್ತಾರಲ್ಲ, ಅದೇ ಅದು ಹೊಣೆ ಎನ್ನುವುದಕ್ಕೆ ಸಾಕ್ಷಿ.

ನೋಂದಣಿ ಶುಲ್ಕದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ‘ವಾಪಸ್ ಕೊಡುವಂತಿಲ್ಲ, ಹಾಗಾಗಿ ಇವತ್ತೇ ನನ್ನದು’ ಎಂಬ ತರ್ಕ ನೋಡಲು ಗಟ್ಟಿಯಾಗಿಯೇ ಇದೆ. ಆದರೆ ಆ 1,200ಕ್ಕೆ ವಿದ್ಯಾರ್ಥಿಗೆ ಬೇರೆಯಾಗಿ ಸಿಕ್ಕಿದ್ದೇನು? ಒಂದು ಫಾರಂ ತುಂಬಿಸಿದಿರಿ, ಲಾಗಿನ್ ಕೊಟ್ಟಿರಿ. ಅದು ನಿಮ್ಮ ಆಡಳಿತದ ಕೆಲಸ, ಅವರಿಗೆ ಕೊಟ್ಟ ಸೇವೆಯಲ್ಲ. ಆದ್ದರಿಂದ ಆ ಮೊತ್ತವೂ ಪಾಠದ ಬೆಲೆಗೇ ಸೇರಿ ವರ್ಷದುದ್ದಕ್ಕೂ ಹರಡಿಕೊಳ್ಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದಿದೆ: ಎರಡನೇ ವರ್ಷ ಮುಂದುವರಿಯುವವರಿಗೆ ನೋಂದಣಿ ಶುಲ್ಕ ಮಾಫಿ ಇದ್ದು, ಆ ಉಳಿತಾಯಕ್ಕಾಗಿಯೇ ಜನ ಉಳಿದುಕೊಳ್ಳುವಷ್ಟು ಅದು ದೊಡ್ಡದಾಗಿದ್ದರೆ, ಅದನ್ನು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಂಚಬೇಕಾಗಬಹುದು.

ಹಂಚುವುದೆಂದರೆ ಯಾವಾಗಲೂ ಹನ್ನೆರಡರಿಂದ ಭಾಗಿಸುವುದಲ್ಲ. ನಿಮ್ಮ 96 ತರಗತಿಗಳಲ್ಲಿ 60 ಮೊದಲ ನಾಲ್ಕು ತಿಂಗಳಲ್ಲೇ ನಡೆದು, ಆಮೇಲೆ ವಾರಕ್ಕೊಂದು ಎಂಬಂತೆ ಸಾಗುವುದಾದರೆ ತರಗತಿಗಳ ಲೆಕ್ಕದಲ್ಲೇ ಹಂಚಿ. ಪಾಠಗಳನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ, ಸೇರಿದ ದಿನವೇ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಳ್ಳಲು ಕೊಟ್ಟು, ಆಮೇಲೆ ನಿಮ್ಮ ಕಡೆಯಿಂದ ಏನೂ ಬಾಕಿ ಇಲ್ಲದಿದ್ದರೆ ಪೂರ್ತಿ ಹಣ ಆ ದಿನದ ಆದಾಯವೇ. ಅದೇ ವಿಡಿಯೋಗಳನ್ನು ನಿಮ್ಮ ತಾಣದಲ್ಲೇ ಇಟ್ಟು, ವರ್ಷವಿಡೀ ಹೊಸ ಪಾಠ ಸೇರಿಸುತ್ತ, ಪ್ರಶ್ನೆಗೆ ಉತ್ತರಿಸುತ್ತ ಹೋಗುವುದಾದರೆ ಮತ್ತೆ ವರ್ಷಕ್ಕೆ ಹಂಚಿಕೆ. ಹಣ ಅಷ್ಟೇ, ವಿದ್ಯಾರ್ಥಿ ಅವರೇ. ಕೊಟ್ಟ ಮಾತು ಬೇರೆಯಾದ್ದರಿಂದ ಲೆಕ್ಕವೂ ಬೇರೆಯಾಯಿತು. ಹೀಗಾಗಿ ಯಾರೇ ಕೇಳಿದರೂ ನನ್ನ ಮೊದಲ ಪ್ರಶ್ನೆ ‘ಹಣ ಯಾವಾಗ ಬಂತು’ ಎಂದಲ್ಲ, ‘ಏನು ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೀರಿ’ ಎಂದು.

ಇಷ್ಟೆಲ್ಲ ಕಸರತ್ತು ಯಾಕೆ ಎನ್ನಬಹುದು. ಜನವರಿಯಲ್ಲಿ 40 ಜನ ಸೇರಿ 4,80,000 ಬಂತು ಎಂದುಕೊಳ್ಳಿ. ಎಲ್ಲವನ್ನೂ ಜನವರಿಯ ಆದಾಯ ಎಂದು ಬರೆದರೆ ಆ ತಿಂಗಳು ಭಾರಿ ಲಾಭ. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಶಿಕ್ಷಕರ ಸಂಬಳ ಹೋಗುತ್ತಲೇ ಇರುತ್ತದೆ, ಎದುರಿಗೆ ಆದಾಯವಿಲ್ಲ. ಜನವರಿಯ ಅಂಕಿ ನೋಡಿ ಇನ್ನಿಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡವರನ್ನು, ದೊಡ್ಡ ಕಚೇರಿ ಬಾಡಿಗೆಗೆ ಹಿಡಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರು ಖರ್ಚು ಮಾಡಿದ್ದು ಲಾಭವನ್ನಲ್ಲ, ವಿದ್ಯಾರ್ಥಿಗಳ ಮುಂಗಡವನ್ನು. ತೆರಿಗೆ ಯಾವ ತಾರೀಖಿಗೆ ಕಟ್ಟಬೇಕು ಎನ್ನುವುದಕ್ಕೆ ತೆರಿಗೆ ಕಾನೂನಿನದೇ ಲೆಕ್ಕ ಇರುತ್ತದೆ. ಅದನ್ನು ಇದರೊಂದಿಗೆ ಬೆರೆಸಬೇಡಿ.

ಪ್ರಶ್ನೆ: ನಮ್ಮದು ಪಂಪ್ ತಯಾರಿಸುವ ಘಟಕ. ಲೆಕ್ಕದ ವರ್ಷದ ಕೊನೆಯ ದಿನ ಸಂಜೆ 40 ಪಂಪ್‌ಗಳನ್ನು ಲಾರಿಗೆ ಹಾಕಿ, ಅದೇ ತಾರೀಖಿನ ಬಿಲ್ ಕೊಟ್ಟೆವು. ಗ್ರಾಹಕರ ಗೋದಾಮು ಸೇರಿದ್ದು ನಾಲ್ಕು ದಿನದ ಮೇಲೆ. ಮಾರಾಟ ಯಾವ ವರ್ಷದ್ದು? ಬಿಲ್ ತಾರೀಖೇ ಮುಖ್ಯ ಎನ್ನುತ್ತಾರೆ ನಮ್ಮ ಮ್ಯಾನೇಜರ್. ಇನ್ನೊಬ್ಬ ಗ್ರಾಹಕರಿಗೆ ಬಿಲ್ ಮಾಡಿ, ಸರಕನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೇವೆ. ಅದೂ ಮಾರಾಟವೇ?

ಉತ್ತರ: ಬಿಲ್ಲು ನೀವು ಬರೆದುಕೊಂಡ ಕಾಗದ. ನಿಮ್ಮ ಕೈಯಲ್ಲೇ ಇರುವ ಪುಸ್ತಕದಲ್ಲಿ ನೀವೇ ಹಾಕಿದ ತಾರೀಖು ಮಾರಾಟವನ್ನು ತೀರ್ಮಾನಿಸುವುದಾದರೆ ವರ್ಷದ ಲಾಭವನ್ನು ಯಾರು ಎಷ್ಟು ಬೇಕಾದರೂ ಹಿಗ್ಗಿಸಬಹುದು. ನೋಡಬೇಕಾದದ್ದು ಸರಕಿನ ಹತೋಟಿ ಯಾವ ಗಳಿಗೆಯಲ್ಲಿ ಗ್ರಾಹಕರ ಕೈಗೆ ಹೋಯಿತು ಎಂಬುದನ್ನು. ಅದನ್ನು ಪತ್ತೆ ಹಚ್ಚಲು ಕೆಲವು ಗುರುತುಗಳಿವೆ: ಹಣ ಕೇಳುವ ಹಕ್ಕು ನಿಮಗೆ ಬಂದಿದೆಯೇ, ಒಡೆತನ ದಾಟಿದೆಯೇ, ಸರಕು ಅವರ ಸ್ವಾಧೀನದಲ್ಲಿದೆಯೇ, ಅದರ ಲಾಭ-ಅಪಾಯ ಈಗ ಯಾರದ್ದು, ಅವರು ಸರಕನ್ನು ಒಪ್ಪಿಕೊಂಡಿದ್ದಾರೆಯೇ. ಇವುಗಳಲ್ಲಿ ಒಂದೇ ಗುರುತು ಸಾಕು ಎಂದಲ್ಲ, ಐದೂ ಇರಲೇಬೇಕು ಎಂದೂ ಅಲ್ಲ. ಕರಾರನ್ನು ಮುಂದಿಟ್ಟುಕೊಂಡು ಒಟ್ಟಾಗಿ ತೂಗಬೇಕು.

ನಿಮ್ಮ ಪ್ರಸಂಗದಲ್ಲಿ ನೇರ ಪ್ರಶ್ನೆ ಒಂದಿದೆ. ದಾರಿಯಲ್ಲಿ ಲಾರಿ ಮಗುಚಿದ್ದರೆ ಪಂಪ್‌ಗಳ ನಷ್ಟ ಯಾರ ತಲೆಗೆ ಬರುತ್ತಿತ್ತು? ‘ಸಾಗಣೆದಾರರಿಗೆ ಒಪ್ಪಿಸಿದಲ್ಲಿಗೆ ಮಾರುವವರ ಜವಾಬ್ದಾರಿ ಮುಗಿಯಿತು’ ಎಂದು ಕರಾರಿನಲ್ಲಿದ್ದರೆ, ಲಾರಿ ಗೇಟು ದಾಟಿದ ದಿನವೇ ಮಾರಾಟ ಎನ್ನಲು ಬಲವಾದ ಕಾರಣವಿದೆ. ‘ಗ್ರಾಹಕರ ಗೋದಾಮಿಗೆ ತಲುಪಿಸುವುದು’ ಎಂದಿದ್ದರೆ ಅದು ಮುಂದಿನ ವರ್ಷದ್ದು. ದೇಶದಿಂದ ದೇಶಕ್ಕೆ ಮಾರುವವರು ಇಂಥ ಷರತ್ತುಗಳಿಗೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ‘ಇನ್‌ಕೋಟರ್ಮ್ಸ್’ ಬಳಸುತ್ತಾರೆ. 1936ರಲ್ಲಿ ಶುರುವಾದ ಇವುಗಳ ಈಗಿನ ಆವೃತ್ತಿ 2020ರದ್ದು. ಎಫ್‌ಒಬಿ ಎಂದರೆ ಹಡಗಿಗೆ ಏರಿಸಿದಾಗ ಅಪಾಯ ಕೊಳ್ಳುವವರದ್ದಾಗುತ್ತದೆ. ಡಿಎಪಿ ಎಂದರೆ ಹೇಳಿದ ಜಾಗಕ್ಕೆ ಮುಟ್ಟಿದ ಮೇಲೆ. ಆದರೆ ಈ ಮೂರಕ್ಷರಗಳು ಹೇಳುವುದು ಅಪಾಯ ಮತ್ತು ಸಾಗಣೆಯ ಖರ್ಚಿನ ವಿಚಾರ. ಒಡೆತನದ ಬಗ್ಗೆ ಅವು ಮಾತಾಡುವುದಿಲ್ಲ. ಅದಕ್ಕೆ ಕರಾರಿನ ಉಳಿದ ಕಲಮುಗಳನ್ನೂ ಓದಲೇಬೇಕು.

ಮಾರಾಟ ಮುಂದಿನ ವರ್ಷಕ್ಕೆ ಹೋದರೆ ಆ 40 ಪಂಪ್‌ಗಳು ಈ ವರ್ಷದ ಕೊನೆಯ ಸ್ಟಾಕಿನಲ್ಲಿ ಇರಬೇಕು. ಗೋದಾಮಿನಲ್ಲಿ ಎಣಿಸಿದಾಗ ಕಾಣುವುದಿಲ್ಲ, ಏಕೆಂದರೆ ಅವು ರಸ್ತೆಯ ಮೇಲಿವೆ. ಅತ್ತ ಮಾರಾಟವೂ ಇಲ್ಲ, ಇತ್ತ ಸ್ಟಾಕೂ ಇಲ್ಲ ಎಂಬ ಅನಾಹುತ ಆಗುವುದು ಇಲ್ಲೇ.

ಇದನ್ನು ಪರೀಕ್ಷಿಸಲು ಆಡಿಟರ್‌ಗಳು ಬಳಸುವ ದಾರಿ ಸರಳ. ವರ್ಷದ ಕೊನೆಯ ದಿನ ಗೇಟಿನ ಬಳಿ ನಿಂತು, ಹೊರಹೋಗುವ ವಾಹನಗಳ ರಿಜಿಸ್ಟರಿನಲ್ಲಿ ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆದು ಸಹಿ ಹಾಕುತ್ತೇನೆ. ಕೊನೆಯ ಗೇಟ್ ಪಾಸ್ ಸಂಖ್ಯೆ, ಕೊನೆಯ ಚಲನ್ ಸಂಖ್ಯೆ, ಕೊನೆಯ ಬಿಲ್ ಸಂಖ್ಯೆ ಬರೆದುಕೊಳ್ಳುತ್ತೇನೆ. ಆಮೇಲೆ ಆ ದಿನದ ಹಿಂದಿನ, ಮುಂದಿನ ಕೆಲವು ದಿನಗಳ ಬಿಲ್ಲುಗಳನ್ನು ತೆಗೆದು ಒಂದೊಂದನ್ನೂ ಗೇಟ್ ಪಾಸಿಗೆ, ಸಾಗಣೆ ರಶೀದಿಗೆ, ಗ್ರಾಹಕರ ಸ್ವೀಕೃತಿಗೆ ತಾಳೆ ನೋಡುವುದು. ಒಂದು ಕಾರ್ಖಾನೆಯಲ್ಲಿ ವರ್ಷದ ಕೊನೆಯ ತಾರೀಖಿನ ಬಿಲ್ಲಿನ ಮೇಲೆ ಲಾರಿಯ ನಂಬರ್ ಇತ್ತು. ಗೇಟಿನ ರಿಜಿಸ್ಟರ್ ತಿರುವಿದರೆ ಅದೇ ನಂಬರಿನ ಲಾರಿ ಎರಡು ದಿನ ಕಳೆದು ಬೆಳಿಗ್ಗೆ ಖಾಲಿಯಾಗಿ ಒಳಗೆ ಬಂದು, ಮಧ್ಯಾಹ್ನ ತುಂಬಿಕೊಂಡು ಹೊರಟಿತ್ತು. ಕಾವಲುಗಾರರು ನೀಲಿ ಪೆನ್ನಿನಲ್ಲಿ ಸಮಯ ಸಮೇತ ಬರೆದಿದ್ದರು. ಅವರಿಗೆ ಲಾಭದ ಗುರಿ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಆ ಮಾರಾಟವನ್ನು ಮುಂದಿನ ವರ್ಷಕ್ಕೆ ಹಾಕಿಸಿದೆವು. ಗೇಟಿನ ರಿಜಿಸ್ಟರಿನ ಬಗ್ಗೆ ನನಗಿರುವ ಗೌರವಕ್ಕೆ ಇಂಥವೇ ಕಾರಣ.

ಹೊಸ ವರ್ಷದ ಮೊದಲ ತಿಂಗಳಲ್ಲಿ ವಾಪಸು ಬಂದ ಸರಕಿನ ಕ್ರೆಡಿಟ್ ನೋಟುಗಳನ್ನೂ, ಅಂದರೆ ಗ್ರಾಹಕರ ಬಿಲ್ಲಿನಿಂದ ಮೊತ್ತ ಕಳೆದು ಕೊಡುವ ಚೀಟಿಗಳನ್ನೂ, ತಪ್ಪದೆ ನೋಡಬೇಕು. ಕೊನೆಯ ವಾರದಲ್ಲಿ ಮಾರಿದ್ದು ಮೊದಲ ವಾರದಲ್ಲಿ ಹಿಂದಿರುಗಿದರೆ ಅದು ಮಾರಾಟವಾಗಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಇನ್ನು ಬಿಲ್ ಮಾಡಿ ಸರಕನ್ನು ನಿಮ್ಮಲ್ಲೇ ಇಟ್ಟುಕೊಂಡದ್ದು. ಇದು ನಿಷಿದ್ಧವಲ್ಲ, ಆದರೆ ನಿಯಮ ಬಿಗಿ. ಹಾಗೆ ಇಟ್ಟುಕೊಳ್ಳಲು ನಿಜವಾದ ಕಾರಣ ಬೇಕು, ಸಾಮಾನ್ಯವಾಗಿ ಗ್ರಾಹಕರೇ ‘ನಮ್ಮಲ್ಲಿ ಜಾಗವಿಲ್ಲ, ಇರಲಿ’ ಎಂದು ಕೇಳಿರಬೇಕು. ಆ ಪಂಪ್‌ಗಳು ಅವರವೆಂದು ಬೇರೆಯಾಗಿ ಗುರುತಿಸಿ ಇಟ್ಟಿರಬೇಕು. ಕೇಳಿದ ಕೂಡಲೇ ಸಾಗಿಸಲು ತಯಾರಿರಬೇಕು. ಮತ್ತು ಅವನ್ನು ನೀವು ಬಳಸುವಂತಿಲ್ಲ, ಇನ್ನೊಬ್ಬರಿಗೆ ಕಳಿಸುವಂತೆಯೂ ಇಲ್ಲ. ನಾಲ್ಕೂ ಇದ್ದರೆ ಮಾತ್ರ ಆದಾಯ. ಅಮೆರಿಕದ ಸನ್‌ಬೀಮ್ ಕಂಪನಿ 1997ರಲ್ಲಿ ಬೇಸಿಗೆಯಲ್ಲಿ ಮಾರಾಟವಾಗುವ ಗ್ಯಾಸ್ ಗ್ರಿಲ್‌ಗಳನ್ನು ಚಳಿಗಾಲದಲ್ಲೇ ರಿಯಾಯಿತಿ ಕೊಟ್ಟು ಅಂಗಡಿ ಸರಪಳಿಗಳಿಗೆ ಬಿಲ್ ಮಾಡಿತ್ತು. ಸರಕು ಗೋದಾಮುಗಳಲ್ಲೇ ಉಳಿದಿತ್ತು. ಮುಂದಿನ ವರ್ಷದ ಮಾರಾಟವನ್ನು ಈ ವರ್ಷವೇ ತಿಂದದ್ದರಿಂದ 1998ರಲ್ಲಿ ಮಾರಾಟ ಕುಸಿಯಿತು, ಮುಖ್ಯಸ್ಥರನ್ನು ಆಡಳಿತ ಮಂಡಳಿ ಹೊರಹಾಕಿತು, ಹಳೆಯ ಲೆಕ್ಕಗಳನ್ನು ತಿದ್ದಬೇಕಾಯಿತು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ತಾರೀಖಿನ ಆಟ ಸರಕಿಗೆ ಸೀಮಿತವಲ್ಲ. ಕಂಪ್ಯೂಟರ್ ಅಸೋಸಿಯೇಟ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ತ್ರೈಮಾಸಿಕ ಮುಗಿದ ಮೇಲೂ ಪುಸ್ತಕ ಮುಚ್ಚದೆ, ಆಮೇಲೆ ಸಹಿಯಾದ ಕರಾರುಗಳಿಗೆ ಹಿಂದಿನ ತಾರೀಖು ಹಾಕಿ ಆದಾಯ ತೋರಿಸಿತ್ತು. ‘35 ದಿನದ ತಿಂಗಳು’ ಎಂದೇ ಅದು ಕುಖ್ಯಾತವಾಯಿತು. ಅವಧಿಗೆ ಮೊದಲೇ ತೋರಿಸಿದ ಆದಾಯ 220 ಕೋಟಿ ಡಾಲರ್‌ಗೂ ಹೆಚ್ಚು ಎಂದು 2004ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು ಆರೋಪಿಸಿದರು. ಮುಖ್ಯಸ್ಥರಾಗಿದ್ದವರು ಜೈಲಿಗೆ ಹೋದರು. ಗ್ರಾಹಕರು ನಿಜ, ಕರಾರುಗಳು ನಿಜ, ಹಣವೂ ನಿಜ. ಸುಳ್ಳಾಗಿದ್ದದ್ದು ತಾರೀಖು ಮಾತ್ರ. ಅಷ್ಟೇ ತಾನೇ ಎನ್ನುವ ನಿಮ್ಮ ಮ್ಯಾನೇಜರ್‌ಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಯಂತ್ರದ ಜೊತೆ ಎರಡು ವರ್ಷದ ನಿರ್ವಹಣೆಯನ್ನೂ ಸೇರಿಸಿ ಒಂದೇ ಬೆಲೆಗೆ ಮಾರುತ್ತೇವೆ. ನಿರ್ವಹಣೆ ‘ಉಚಿತ’ ಎಂದು ಜಾಹೀರಾತಿನಲ್ಲೂ ಇದೆ. ಉಚಿತವಾದ್ದಕ್ಕೆ ಆದಾಯ ಎಲ್ಲಿಂದ ಬಂತು?

ಉತ್ತರ: ಜಾಹೀರಾತಿನಲ್ಲಿ ಉಚಿತ ಇರಬಹುದು, ಲೆಕ್ಕದಲ್ಲಿ ಇಲ್ಲ. ನೀವು ಒಂದು ಬೆಲೆಗೆ ಎರಡು ಮಾತು ಕೊಟ್ಟಿದ್ದೀರಿ. ಯಂತ್ರವನ್ನೊಂದೇ ಮಾರಿದರೆ 90,000, ನಿರ್ವಹಣೆಯನ್ನೊಂದೇ ಮಾರಿದರೆ 30,000, ಎರಡೂ ಸೇರಿ 1,00,000ಕ್ಕೆ ಕೊಟ್ಟಿರಿ ಎನ್ನಿ. ಬಿಡಿ ಬೆಲೆಗಳ ಮೊತ್ತ 1,20,000. ರಿಯಾಯಿತಿಯನ್ನು ಎರಡಕ್ಕೂ ಅದೇ ಪ್ರಮಾಣದಲ್ಲಿ ಹಂಚಿದರೆ ಯಂತ್ರಕ್ಕೆ 75,000, ನಿರ್ವಹಣೆಗೆ 25,000. ಮೊದಲನೆಯದು ಯಂತ್ರ ಒಪ್ಪಿಸಿದ ದಿನದ ಆದಾಯ, ಎರಡನೆಯದು 24 ತಿಂಗಳಿಗೆ ಹರಡುವಂಥದ್ದು. ನಿರ್ವಹಣೆಯನ್ನು ನೀವು ಎಂದೂ ಬಿಡಿಯಾಗಿ ಮಾರಿಲ್ಲವಾದರೆ ಪೇಟೆಯಲ್ಲಿ ಬೇರೆಯವರು ತೆಗೆದುಕೊಳ್ಳುವ ದರ ನೋಡಿ, ಅಥವಾ ನಿಮ್ಮ ಖರ್ಚಿಗೆ ನ್ಯಾಯವಾದ ಲಾಭ ಸೇರಿಸಿ ಅಂದಾಜು ಮಾಡಿ. ಆದರೆ ಕಾರ್ಖಾನೆಯ ದೋಷವಿದ್ದರೆ ಸರಿಪಡಿಸಿಕೊಡುತ್ತೇವೆ ಎಂಬ ಮಾಮೂಲಿ ವಾರಂಟಿ ಇದಕ್ಕೆ ಸೇರುವುದಿಲ್ಲ. ಅದು ಬೇರೆ ಸೇವೆಯಲ್ಲ. ಅದಕ್ಕೆ ತಗಲಬಹುದಾದ ಖರ್ಚನ್ನು ಅಂದಾಜು ಮಾಡಿ ಹೊಣೆಯಾಗಿ ಇಡುತ್ತೀರಿ.

ಇದು ಎಷ್ಟು ದೊಡ್ಡ ಮೊತ್ತದ ಪ್ರಶ್ನೆಯಾಗಬಹುದು ಎಂಬುದಕ್ಕೆ ಐಫೋನ್ ಉದಾಹರಣೆ. 2007ರಲ್ಲಿ ಆ್ಯಪಲ್ ಅದನ್ನು ಮಾರಲು ಶುರು ಮಾಡಿದಾಗ ಮುಂದೆಯೂ ಹೊಸ ಸಾಫ್ಟ್‌ವೇರ್ ಉಚಿತವಾಗಿ ಕೊಡುವುದಾಗಿ ಹೇಳಿತ್ತು. ಆಗಿನ ನಿಯಮದಲ್ಲಿ, ಬಿಡಿಯಾಗಿ ಮಾರದ ಆ ಸಾಫ್ಟ್‌ವೇರ್‌ಗೆ ಬೆಲೆ ಕಟ್ಟಲು ಪುರಾವೆ ಇಲ್ಲದ್ದರಿಂದ ಇಡೀ ಫೋನಿನ ಹಣವನ್ನೇ 24 ತಿಂಗಳಿಗೆ ಹಂಚಬೇಕಾಯಿತು. ಫೋನು ಗ್ರಾಹಕರ ಕೈಯಲ್ಲಿ, ದುಡ್ಡು ಕಂಪನಿಯ ಕೈಯಲ್ಲಿ, ಆದಾಯ ಮಾತ್ರ ತುಣುಕು ತುಣುಕಾಗಿ. 2009ರಲ್ಲಿ ನಿಯಮ ಬದಲಾಗಿ ಅಂದಾಜು ಬೆಲೆ ಬಳಸಬಹುದು ಎಂದಾದ ಮೇಲೆ ಫೋನಿನ ಪಾಲು ಮಾರಿದ ದಿನವೇ ಆದಾಯವಾಯಿತು, ಸಾಫ್ಟ್‌ವೇರಿನ ಸಣ್ಣ ಪಾಲು ಮಾತ್ರ ಮುಂದಕ್ಕೆ ಉಳಿಯಿತು.

ಪ್ರಶ್ನೆ: ನಾನು ವಾಣಿಜ್ಯ ವಿದ್ಯಾರ್ಥಿನಿ. ಐದು ಹಂತಗಳನ್ನು ಬಾಯಿಪಾಠ ಮಾಡಿದ್ದೇನೆ. ಮೂರು ವರ್ಷ ನಡೆಯುವ ನಿರ್ಮಾಣ ಕಾಮಗಾರಿಯಲ್ಲಿ ಮಾತ್ರ ಗೊಂದಲ. ಕಟ್ಟಡ ಮುಗಿಯುವ ಮೊದಲೇ ಆದಾಯ ತೋರಿಸುವುದು ನೀವು ಹೇಳುವ ‘ಕೊಟ್ಟ ಮೇಲೆ’ ಎಂಬ ತತ್ವಕ್ಕೆ ವಿರುದ್ಧವಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ, ನನಗೆ ಈ ಕಂತಿನಲ್ಲಿ ಹೆಚ್ಚು ಇಷ್ಟವಾದದ್ದೂ ಇದೇ. ಮೊದಲು ನಿಮ್ಮ ಐದು ಹಂತಗಳನ್ನು ಉಳಿದ ಓದುಗರಿಗಾಗಿ ಹೇಳಿಬಿಡುತ್ತೇನೆ: ಕರಾರು ಇದೆಯೇ, ಅದರಲ್ಲಿ ಕೊಟ್ಟ ಮಾತುಗಳು ಯಾವುವು, ಒಟ್ಟು ಬೆಲೆ ಎಷ್ಟು, ಒಂದೊಂದು ಮಾತಿಗೂ ಎಷ್ಟು ಪಾಲು, ಯಾವ ಮಾತು ಯಾವಾಗ ನೆರವೇರಿತು. 2014ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಮತ್ತು ಅಮೆರಿಕದ ಮಾನದಂಡ ಮಂಡಳಿಗಳು ಒಟ್ಟಾಗಿ ಹೊರತಂದ ನಿಯಮ ಇದು. ಐಎಫ್‌ಆರ್‌ಎಸ್ 15 ಎಂದು ಹೆಸರು. 2018ರ ಜನವರಿ 1ರಿಂದ ಜಾರಿಗೆ ಬಂತು. ಅದನ್ನೇ ಅನುಸರಿಸಿದ ಭಾರತದ ಇಂಡ್ ಎಎಸ್ 115 ಅದೇ ವರ್ಷದ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ಸರಕು-ಸೇವೆಗೆ ಒಂದು ಮಾನದಂಡ, ಕಾಮಗಾರಿಗೆ ಇನ್ನೊಂದು ಇತ್ತು. ಈಗ ಎರಡಕ್ಕೂ ಒಂದೇ ಪ್ರಶ್ನೆ.

ನಿಮ್ಮ ಗೊಂದಲಕ್ಕೆ ಬರೋಣ. ಗ್ರಾಹಕರ ಜಮೀನಿನ ಮೇಲೆ ನೀವು ಕಟ್ಟುತ್ತಿದ್ದೀರಿ. ಗೋಡೆ ಎದ್ದಷ್ಟೂ ಅವರ ಆಸ್ತಿ ಬೆಳೆಯುತ್ತದೆ. ಅರ್ಧದಲ್ಲಿ ನೀವು ಬಿಟ್ಟು ಹೋದರೂ ಅಲ್ಲಿ ನಿಂತಿರುವುದು ಅವರದ್ದು. ಅಂದರೆ ಹತೋಟಿ ಕೊನೆಯ ದಿನ ಒಮ್ಮೆಲೇ ಹೋಗುತ್ತಿಲ್ಲ, ದಿನದಿನವೂ ಹೋಗುತ್ತಿದೆ. ಕೊಟ್ಟಷ್ಟಕ್ಕೆ ಆದಾಯ ಬರೆಯುತ್ತೀರಿ. ತತ್ವ ಎಲ್ಲೂ ಮುರಿದಿಲ್ಲ. ಸ್ವಚ್ಛತೆ, ಕಾವಲು ಮುಂತಾದ ಸೇವೆಗಳಲ್ಲೂ ಹಾಗೆಯೇ, ನೀವು ಮಾಡುತ್ತಿದ್ದಂತೆ ಗ್ರಾಹಕರು ಅದರ ಫಲ ಪಡೆಯುತ್ತಾರೆ. ಮೂರನೆಯ ಬಗೆಯೂ ಇದೆ: ಮಾಡುತ್ತಿರುವ ವಸ್ತು ಬೇರೆ ಯಾರಿಗೂ ಉಪಯೋಗಕ್ಕೆ ಬರುವಂತಿಲ್ಲ, ಮತ್ತು ಗ್ರಾಹಕರು ನಡುವೆ ಕರಾರು ಮುರಿದರೂ ಅಲ್ಲಿಯವರೆಗಿನ ಕೆಲಸಕ್ಕೆ ಲಾಭದ ಅಂಶವೂ ಸೇರಿದ ಹಣ ಕೇಳುವ ಹಕ್ಕು ನಿಮಗಿದೆ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ, ಕೆಲಸ ಎಷ್ಟು ವರ್ಷ ನಡೆದರೂ ಒಪ್ಪಿಸಿದ ದಿನವೇ ಆದಾಯ. ಬಿಲ್ಡರ್ ತನ್ನ ಜಮೀನಿನಲ್ಲಿ ಕಟ್ಟಿ ಮಾರುವ ಮನೆಗಳು ಎಷ್ಟೋ ಸಲ ಈ ಗುಂಪಿಗೆ ಬೀಳುತ್ತವೆ, ಮೂರನೆಯ ಬಗೆಯ ಹಕ್ಕು ಕರಾರಿನಲ್ಲಿ ಇಲ್ಲದ ಕಾರಣಕ್ಕೆ.

ಎಷ್ಟು ಕೆಲಸ ಆಗಿದೆ ಎಂದು ಅಳೆಯುವ ಬಗೆಗಳಲ್ಲಿ ಹೆಚ್ಚು ಬಳಕೆಯದ್ದು ಖರ್ಚಿನ ಲೆಕ್ಕ. ಕರಾರಿನ ಮೊತ್ತ 500 ಲಕ್ಷ, ಒಟ್ಟು ಖರ್ಚಿನ ಅಂದಾಜು 400 ಲಕ್ಷ. ಮೊದಲ ವರ್ಷ 100 ಲಕ್ಷ ಖರ್ಚಾಯಿತು; ಕಾಲು ಭಾಗ ಕೆಲಸ ಆಯಿತು ಎಂದು 125 ಲಕ್ಷ ಆದಾಯ, 25 ಲಕ್ಷ ಲಾಭ. ಎರಡನೇ ವರ್ಷ ಅಡಿಪಾಯದಲ್ಲಿ ತೊಂದರೆ ಕಂಡು ಒಟ್ಟು ಖರ್ಚು 540 ಲಕ್ಷವಾಗುತ್ತದೆ ಎಂದು ಗೊತ್ತಾಯಿತು. ಆ ವರ್ಷದ ಕೊನೆಗೆ ಒಟ್ಟು 270 ಲಕ್ಷ ಖರ್ಚಾಗಿದೆ, ಅಂದರೆ ಅರ್ಧ ಕೆಲಸ. ಒಟ್ಟು ಆದಾಯ 250 ಲಕ್ಷ. ಹಿಂದಿನ 125 ಕಳೆದರೆ ಈ ವರ್ಷದ್ದು 125. ಈ ವರ್ಷದ ಖರ್ಚು 170. ಇಲ್ಲೇ 45 ಲಕ್ಷ ನಷ್ಟ. ಇಷ್ಟಕ್ಕೆ ನಿಲ್ಲುವಂತಿಲ್ಲ. ಕಾಮಗಾರಿ ಪೂರ್ತಿಯಾದಾಗ ನಷ್ಟ 40 ಲಕ್ಷ ಎಂದು ಈಗಲೇ ಗೊತ್ತಿದೆ. ಇಲ್ಲಿಯವರೆಗೆ ಪುಸ್ತಕದಲ್ಲಿ ಕಂಡದ್ದು ಮೊದಲ ವರ್ಷದ ಲಾಭ ವಜಾ ಮಾಡಿ 20 ಲಕ್ಷ. ಉಳಿದ 20 ಲಕ್ಷವನ್ನೂ ಈ ವರ್ಷವೇ ಹೊಣೆಯಾಗಿ ಬರೆಯಬೇಕು. ಲಾಭವನ್ನು ಕೆಲಸ ಆದಷ್ಟೇ ತೋರಿಸಿ, ನಷ್ಟವನ್ನು ಗೊತ್ತಾದ ಕೂಡಲೇ ಪೂರ್ತಿ ತೋರಿಸಿ ಎಂಬ ಈ ಎಚ್ಚರಿಕೆ ನನಗೆ ಲೆಕ್ಕಶಾಸ್ತ್ರದ ಅತ್ಯಂತ ಪ್ರಾಮಾಣಿಕ ನಡೆ ಅನ್ನಿಸುತ್ತದೆ.

ಮೋಸಕ್ಕೆ ದಾರಿಯೂ ಇಲ್ಲೇ ಇದೆ. ಆ 540 ಅನ್ನು 400 ಎಂದೇ ಹಿಡಿದುಕೊಂಡು ಕೂತರೆ ಆದಾಯ, ಲಾಭ ಎರಡೂ ಉಬ್ಬುತ್ತವೆ, ಒಂದೇ ಒಂದು ಸುಳ್ಳು ಬಿಲ್ಲೂ ಬೇಕಾಗುವುದಿಲ್ಲ. ಜಪಾನಿನ ತೋಷಿಬಾದಲ್ಲಿ 2015ರಲ್ಲಿ ತನಿಖಾ ಸಮಿತಿ ಹೊರಗೆಡವಿದ ಅಕ್ರಮಗಳಲ್ಲಿ ಇದೂ ಒಂದು. ದೊಡ್ಡ ಕಾಮಗಾರಿಗಳ ಖರ್ಚಿನ ಅಂದಾಜನ್ನು ಕಡಿಮೆ ತೋರಿಸಿ, ಬರಲಿದ್ದ ನಷ್ಟವನ್ನು ಮುಂದೂಡಿದ್ದರು. ಏಳು ವರ್ಷಗಳಲ್ಲಿ ಲಾಭ 15,000 ಕೋಟಿ ಯೆನ್‌ಗೂ ಹೆಚ್ಚು ಉಬ್ಬಿತ್ತು. ಆದ್ದರಿಂದ ಕಾಮಗಾರಿ ಲೆಕ್ಕ ನೋಡುವಾಗ ನಾನು ಮೊದಲು ಕೇಳುವುದು ಎಂಜಿನಿಯರ್ ಸಹಿ ಮಾಡಿದ, ಇತ್ತೀಚಿನ ತಾರೀಖಿನ ಖರ್ಚಿನ ಅಂದಾಜು. ಅದು ಒಂದು ವರ್ಷದಿಂದ ಒಂದು ಅಂಕಿಯೂ ಬದಲಾಗದೆ ಇದ್ದರೆ ಕಾಗದ ಬಿಟ್ಟು ಸೈಟಿಗೆ ಹೋಗುತ್ತೇನೆ. ಪರೀಕ್ಷೆಗೆ ಹಂತಗಳನ್ನು ಕಲಿತಿದ್ದೀರಿ, ಸಂತೋಷ. ರಜೆಯಲ್ಲಿ ಯಾವುದಾದರೂ ಕಾಮಗಾರಿಯ ಬಿಲ್ಲುಗಳ ಕಟ್ಟು ಸಿಕ್ಕರೆ ಬಿಚ್ಚಿ ನೋಡಿ.

ಪ್ರಶ್ನೆ: ನಮ್ಮ ಆ್ಯಪ್ ಮೂಲಕ ಬೇರೆ ಅಂಗಡಿಗಳ ಸರಕು ಮಾರಾಟವಾಗುತ್ತದೆ. ಗ್ರಾಹಕರು 1,000 ಕಟ್ಟುತ್ತಾರೆ. ನಾವು 100 ಇಟ್ಟುಕೊಂಡು 900 ಅಂಗಡಿಗೆ ಕೊಡುತ್ತೇವೆ. ವಹಿವಾಟು 1,000 ಎಂದು ತೋರಿಸಬಹುದೇ?

ಉತ್ತರ: ಸರಕು ಗ್ರಾಹಕರಿಗೆ ಹೋಗುವ ಮೊದಲು ನಿಮ್ಮ ಹತೋಟಿಯಲ್ಲಿ ಇತ್ತೇ? ಬೆಲೆ ನಿಗದಿ ಮಾಡುವವರು ಯಾರು, ಮಾರಾಟವಾಗದೆ ಉಳಿದರೆ ನಷ್ಟ ಯಾರದ್ದು, ಸರಕು ಸರಿಯಿಲ್ಲದಿದ್ದರೆ ಉತ್ತರ ಹೇಳಬೇಕಾದವರು ಯಾರು? ಎಲ್ಲಕ್ಕೂ ಅಂಗಡಿಯವರೇ ಎಂದಾದರೆ ನೀವು ಮಧ್ಯವರ್ತಿ, ನಿಮ್ಮ ಆದಾಯ 100. ಲಾಭ ಎರಡು ರೀತಿಯಲ್ಲೂ ಒಂದೇ, ಹಾಗಾದರೆ ಏನು ತೊಂದರೆ ಎಂದು ಕೇಳಬೇಡಿ. ಹೂಡಿಕೆದಾರರು ಬೆಳವಣಿಗೆಯನ್ನು ಅಳೆಯುವುದು ಆ ಮೊದಲ ಸಾಲಿನಿಂದ. ಬೇರೆ ವ್ಯಾಪಾರಿಗಳ ರಿಯಾಯಿತಿ ಕೂಪನ್‌ಗಳನ್ನು ಮಾರುವ ಗ್ರೂಪಾನ್ ಕಂಪನಿ 2011ರಲ್ಲಿ ಷೇರು ಮಾರಲು ಹೊರಟಾಗ 2010ರ ಆದಾಯವನ್ನು ಸುಮಾರು 71.3 ಕೋಟಿ ಡಾಲರ್ ಎಂದು ತೋರಿಸಿತ್ತು. ವ್ಯಾಪಾರಿಗಳಿಗೆ ಕೊಡಬೇಕಾದ ಪಾಲು ಕಳೆದು ತೋರಿಸಿದಾಗ ಅದು ಸುಮಾರು 31.3 ಕೋಟಿಗೆ ಇಳಿಯಿತು.

ಪ್ರಶ್ನೆ: ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಕೊಡಿ ಎಂಬ ಷರತ್ತಿನಲ್ಲಿ ಮಾರುತ್ತೇವೆ. ಹಾಗಾದರೆ 30 ದಿನ ಕಾಯಬೇಕೇ?

ಉತ್ತರ: ಹಿಂದಿನ ಅನುಭವದಿಂದ ವಾಪಸಾತಿಯನ್ನು ನಂಬುವಂತೆ ಅಂದಾಜಿಸಬಹುದಾದರೆ ಕಾಯಬೇಕಿಲ್ಲ. 500ರಂತೆ 100 ನಗ ಮಾರಿದಿರಿ, ಸಾಮಾನ್ಯವಾಗಿ 8 ಹಿಂದಿರುಗುತ್ತವೆ ಎಂದಾದರೆ 46,000 ಆದಾಯ. 4,000 ವಾಪಸ್ ಕೊಡಬೇಕಾದ ಹೊಣೆ. ಆ 8 ನಗಗಳ ಖರೀದಿ ಬೆಲೆ ಆಸ್ತಿಯಾಗಿ ಉಳಿಯುತ್ತದೆ, ಮರಳಿ ತರಿಸುವ ಖರ್ಚು, ಸವಕಳಿ ಕಳೆದು. ಹೊಚ್ಚ ಹೊಸ ಸರಕು, ಎಷ್ಟು ಹಿಂದಿರುಗೀತು ಎಂಬ ಅಂದಾಜೇ ಇಲ್ಲ ಎಂದಾದರೆ ಅವಧಿ ಮುಗಿಯುವವರೆಗೆ ತಾಳಿ.

ಪ್ರಶ್ನೆ: ಕಷ್ಟದಲ್ಲಿರುವ ಒಂದು ಕಂಪನಿಗೆ 6,00,000ದ ಸೇವೆ ಒದಗಿಸುತ್ತಿದ್ದೇವೆ. ಶುರುವಿನಲ್ಲೇ ಅವರು ಕೊಡುವುದು ಅನುಮಾನವಿತ್ತು, ಸಂಬಂಧ ಉಳಿಯಲಿ ಎಂದು ಒಪ್ಪಿಕೊಂಡೆವು. 50,000 ಮಾತ್ರ ಬಂದಿದೆ. ಪೂರ್ತಿ ಆದಾಯ ಬರೆದು ಆಮೇಲೆ ಬಾರದ ಸಾಲ ಎಂದು ಖರ್ಚು ಹಾಕಬಹುದೇ?

ಉತ್ತರ: ಇಲ್ಲ. ವಸೂಲಿಯ ಭರವಸೆ ಶುರುವಿನಿಂದಲೇ ಇಲ್ಲದಿದ್ದರೆ ಐದು ಹಂತಗಳಲ್ಲಿ ಮೊದಲನೆಯದನ್ನೇ ನೀವು ದಾಟಿಲ್ಲ; ಲೆಕ್ಕದ ದೃಷ್ಟಿಯಲ್ಲಿ ಅದು ಕರಾರೇ ಅಲ್ಲ. ಒಳ್ಳೆಯ ಗ್ರಾಹಕರು ಆಮೇಲೆ ದಿವಾಳಿಯಾದರೆ ಅದು ಬೇರೆ ಮಾತು. ಆಗ ಆದಾಯ ಆದಾಯವಾಗಿಯೇ ಉಳಿದು, ಬಾರದ ಬಾಕಿ ಖರ್ಚಿಗೆ ಹೋಗುತ್ತದೆ. ನಿಮ್ಮದರಲ್ಲಿ ಮಾಡಿದ ಖರ್ಚನ್ನೆಲ್ಲ ಆಗಿಂದಾಗಲೇ ಬರೆಯಿರಿ. ಬಂದ 50,000ವನ್ನು ಆದಾಯಕ್ಕೆ ಸೇರಿಸಲು ಅದು ವಾಪಸ್ ಕೊಡಬೇಕಾಗಿಲ್ಲ ಎಂಬುದು ಖಚಿತವಿರಬೇಕು, ಜೊತೆಗೆ ನಿಮ್ಮ ಕೆಲಸ ಮುಗಿದು ಬಹುಪಾಲು ಹಣ ಕೈಸೇರಿರಬೇಕು ಅಥವಾ ಕರಾರು ರದ್ದಾಗಿರಬೇಕು. ಅವರ ಪರಿಸ್ಥಿತಿ ಸುಧಾರಿಸಿ ವಸೂಲಿ ಸಾಧ್ಯ ಎಂದು ಕಂಡರೆ ಆ ದಿನ ಹೊಸದಾಗಿ ಪರಿಶೀಲಿಸಿ. ಅಲ್ಲಿಯವರೆಗೆ ಆ 50,000 ಹೊಣೆಯ ಸಾಲಿನಲ್ಲೇ ಇರಲಿ. ಕರಾರಿನಲ್ಲಿ ಹಣ ವಾಪಸಾತಿಯ ಬಗ್ಗೆ ಇರುವ ಕಲಮನ್ನು ಬರೆದು ಕಳಿಸಿ, ಅದನ್ನು ಓದಿಯೇ ಮುಂದಿನದನ್ನು ಹೇಳುತ್ತೇನೆ.